ತೊಗರಿಯ ಬೇರು, ರೋಗದ ಮಣ್ಣು ಮತ್ತು ತಳಿಯ ಪರೀಕ್ಷೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಬೇರಿನ ರೋಗವೆಂಬುದು ಗುಡ್ಡಗಾಡಿನ ಕೃಷಿಕನಿಗೆ ಅಪರಿಚಿತವಾದುದಲ್ಲ. ಮುಂಗಾರಿನ ಮಧ್ಯದಲ್ಲಿ ಹಸಿರಾಗಿ ನಿಂತಿದ್ದ ಕಾಳುಮೆಣಸಿನ ಬಳ್ಳಿ ಕೆಲವೇ ದಿನಗಳಲ್ಲಿ ಎಲೆ ಉದುರಿಸಿ ಬರಿದಾಗುವುದನ್ನು ಮಲೆನಾಡಿನ ತೋಟಗಳು ಕಂಡಿವೆ. ಬಯಲಿನ ಕಡೆ ಹೆಸರಾದ ನಂಜನಗೂಡಿನ ರಸಬಾಳೆಯು ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ತನ್ನ ಹುಟ್ಟುನೆಲದಲ್ಲಿಯೇ ಅಪರೂಪವಾಯಿತು. ಎಲೆಗೆ ತಗಲಿದ ರೋಗ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಔಷಧಿ ಸಿಂಪಡಿಸಲು ಅವಕಾಶವೂ ಇರುತ್ತದೆ. ಬೇರಿಗೆ ತಗಲಿದ ರೋಗ ಮಾತ್ರ ಗಿಡ ಬಾಡಿದ ಮೇಲೆಯೇ ತಿಳಿಯುತ್ತದೆ. ಆ ವೇಳೆಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಆದ್ದರಿಂದಲೇ ಇಂತಹ ರೋಗಗಳ ವಿಷಯದಲ್ಲಿ ಬಿತ್ತನೆಗೆ ಮುಂಚೆಯೇ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಮಣ್ಣಿನಲ್ಲಿ ಯಾವ ತಳಿ ಬದುಕೀತು?

ಈ ಪ್ರಶ್ನೆಗೆ ಉತ್ತರವನ್ನು ಹೇಗೆ ಹುಡುಕಲಾಯಿತು, ಸಿಕ್ಕ ಉತ್ತರಗಳ ಬೆಲೆಯೆಷ್ಟು, ಮಿತಿಯೇನು ಎಂಬುದನ್ನು ತೊಗರಿಯ ಸೊರಗು ರೋಗದ ಉದಾಹರಣೆಯಿಂದ ತಿಳಿಯುವುದು ಇಲ್ಲಿಯ ಉದ್ದೇಶ. ತೊಗರಿ ಕಲಬುರಗಿಯ ಕಪ್ಪುಮಣ್ಣಿನ ಮುಖ್ಯ ಬೆಳೆ. ಆದರೆ ದಕ್ಷಿಣದ ಬೆಟ್ಟಗಳ ತಪ್ಪಲಿನ ರಾಗಿಹೊಲಗಳಲ್ಲಿಯೂ ಅವರೆ, ಅಲಸಂದೆಗಳ ಜೊತೆಗೆ ಅಕ್ಕಡಿ ಸಾಲಿನಲ್ಲಿ ಅದಕ್ಕೆ ಸ್ಥಾನವುಂಟು. ಇದಲ್ಲದೆ ಇನ್ನೊಂದು ಸಂಬಂಧವೂ ಇದೆ. ಬಿಹಾರದ ಪೂಸಾ ಸಂಶೋಧನಾ ಕೇಂದ್ರದಲ್ಲಿದ್ದ ಶಿಲೀಂಧ್ರಶಾಸ್ತ್ರಜ್ಞ ಇ. ಜೆ. ಬಟ್ಲರ್ 1906ರಲ್ಲಿ ಪ್ರಕಟಿಸಿದ ಲೇಖನವೊಂದರ ವಿಷಯವೇ ತೊಗರಿ ಮತ್ತು ಕಾಳುಮೆಣಸಿನ ಸೊರಗು ರೋಗ. ಎರಡೂ ಬೆಳೆಗಳ ಸಾವು ಹೊರನೋಟಕ್ಕೆ ಒಂದೇ ಬಗೆಯದಾಗಿತ್ತು. ಮುಂದಿನ ಸಂಶೋಧನೆಯಿಂದ ಎರಡರ ಕಾರಣಗಳು ಬೇರೆಬೇರೆ ಎಂದು ತಿಳಿಯಿತು. ಮೆಣಸಿನ ಶೀಘ್ರ ಸೊರಗಿಗೆ ಫೈಟಾಫ್ಥೊರಾ ಎಂಬ ಜೀವಿ ಕಾರಣ. ತೊಗರಿಯ ಸೊರಗಿಗೆ ಕಾರಣವಾದ ಶಿಲೀಂಧ್ರವನ್ನು ಬಟ್ಲರ್ 1910ರಲ್ಲಿ ವಿವರಿಸಿ ಫ್ಯುಸೇರಿಯಂ ಉಡಮ್ ಎಂದು ಹೆಸರಿಸಿದರು. ಬಾಳೆಯ ಪನಾಮಾ ರೋಗವನ್ನು ತರುವುದೂ ಫ್ಯುಸೇರಿಯಂ ಕುಲದ್ದೇ, ಆದರೆ ಅದು ತೊಗರಿಗೆ ಹತ್ತುವುದಿಲ್ಲ, ತೊಗರಿಯದು ಬಾಳೆಗೆ ಹತ್ತುವುದಿಲ್ಲ. ರೋಗದ ಹೆಸರು ಒಂದೇ ಎಂದ ಮಾತ್ರಕ್ಕೆ ರೋಗಾಣು ಒಂದೇ ಎಂದು ತಿಳಿಯಲಾಗದು ಎಂಬುದು ಈ ಇತಿಹಾಸದ ಮೊದಲನೆಯ ಪಾಠ.

ರೋಗದ ಸ್ವರೂಪ

ಈ ಶಿಲೀಂಧ್ರವು ಹಿಂದಿನ ಬೆಳೆಯ ಸತ್ತ ಬೇರು ಕಾಂಡಗಳ ತುಣುಕುಗಳಲ್ಲಿ ಮಣ್ಣಿನೊಳಗೆ ಸುಮಾರು ಮೂರು ವರ್ಷಗಳವರೆಗೆ ಜೀವಿಸಬಲ್ಲದು. ಹೊಸ ತೊಗರಿಯ ಎಳೆಬೇರು ಸಮೀಪಕ್ಕೆ ಬಂದಾಗ ಅದು ಒಳಹೊಕ್ಕು, ನೀರನ್ನು ಮೇಲಕ್ಕೊಯ್ಯುವ ನಾಳಗಳನ್ನು ಸೇರಿ ಅಲ್ಲಿ ಬೆಳೆಯುತ್ತದೆ. ನಾಳಗಳು ಕಟ್ಟಿಕೊಳ್ಳುತ್ತವೆ. ಮಣ್ಣಿನಲ್ಲಿ ತೇವವಿದ್ದರೂ ಗಿಡಕ್ಕೆ ನೀರು ಏರುವುದಿಲ್ಲ. ನೀರು ಕೊಟ್ಟರೂ ಚೇತರಿಸದ ಬಾಡುವಿಕೆಯೇ ಈ ರೋಗದ ಗುರುತು. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಏರಿರುತ್ತದೆ. ಕೆಲವು ವೇಳೆ ಗಿಡದ ಒಂದು ಪಕ್ಕದ ಕೊಂಬೆಗಳು ಮಾತ್ರ ಒಣಗಿ, ಇನ್ನೊಂದು ಪಕ್ಕ ಹಸಿರಾಗಿಯೇ ಇರುವುದುಂಟು. ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದುಗಪ್ಪು ಗೆರೆಗಳು ಕಾಣುತ್ತವೆ.

ರೋಗವು ಎಳೆಯ ಸಸಿಗೂ ಬರಬಹುದು. ಆದರೆ ಹೆಚ್ಚಿನ ಗಿಡಗಳು ಸಾಯುವುದು ಹೂ ಬಿಡುವ ಮತ್ತು ಕಾಯಿ ಕಟ್ಟುವ ಕಾಲದಲ್ಲಿ. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ನಷ್ಟವನ್ನು ಹಂತವಾರು ಅಳೆದರು. ಕಾಯಿ ಕಟ್ಟುವ ಮುನ್ನ ಸೊರಗಿದ ಗಿಡದಲ್ಲಿ ನಷ್ಟ ಹೆಚ್ಚುಕಡಿಮೆ ಪೂರ್ಣ. ಕಾಯಿ ಬಲಿಯುವ ಹಂತದಲ್ಲಿ ಸೊರಗಿದರೆ ಸುಮಾರು ಶೇ. 67, ಕೊಯ್ಲಿನ ಹೊಸ್ತಿಲಲ್ಲಿ ಸೊರಗಿದರೆ ಸುಮಾರು ಶೇ. 30. ಗೊಬ್ಬರ, ಕೂಲಿ, ಕಳೆ ತೆಗೆಯುವ ಶ್ರಮ ಎಲ್ಲವನ್ನೂ ಹಾಕಿ ಮುಗಿದ ಮೇಲೆ ಬರುವ ನಷ್ಟವಿದು.

ರೋಗದ ಮಡಿ

ರೋಗನಿರೋಧಕ ಶಕ್ತಿಯು ಬೀಜದ ಬಣ್ಣದಲ್ಲಾಗಲಿ, ಗಾತ್ರದಲ್ಲಾಗಲಿ, ಗಿಡದ ಸೊಂಪಿನಲ್ಲಾಗಲಿ ಕಾಣುವುದಿಲ್ಲ. ರೋಗವಿಲ್ಲದ ಹೊಲದಲ್ಲಿ ಎಲ್ಲ ತಳಿಗಳೂ ಆರೋಗ್ಯವಾಗಿಯೇ ಇರುತ್ತವೆ. ಆದ್ದರಿಂದ ಪರೀಕ್ಷೆಗೆ ಬೇಕಾದುದು ಉತ್ತಮ ಹೊಲವಲ್ಲ, ಅತ್ಯಂತ ಕೆಟ್ಟ ಹೊಲ. ಸೊರಗಿ ಸತ್ತ ಗಿಡಗಳ ಬುಡಗಳನ್ನು ಕತ್ತರಿಸಿ ಮಣ್ಣಿಗೆ ಸೇರಿಸಿ, ರೋಗಕ್ಕೆ ಸುಲಭವಾಗಿ ತುತ್ತಾಗುವ ತೊಗರಿಯನ್ನೇ ವರ್ಷವರ್ಷವೂ ಬಿತ್ತಿ, ನೆಲದ ತುಂಬ ರೋಗ ಸಮನಾಗಿ ಹರಡುವಂತೆ ಮಾಡಿದ ತಾಕಿಗೆ ರೋಗದ ಮಡಿ ಎನ್ನಬಹುದು. ಇಕ್ರಿಸ್ಯಾಟ್‌ನಲ್ಲಿ ಯಶವಂತ ನೆನೆ, ಜೆ. ಕಣ್ಣೈಯನ್, ಎಂ. ವಿ. ರೆಡ್ಡಿ ಮೊದಲಾದವರು ಇಂತಹ ತಾಕುಗಳನ್ನು ಸಿದ್ಧಪಡಿಸಿ, ಪರೀಕ್ಷೆಯ ಕ್ರಮವನ್ನು 1981ರಲ್ಲಿ ಕೈಪಿಡಿಯ ರೂಪದಲ್ಲಿ ಪ್ರಕಟಿಸಿದರು.

ಈ ಕ್ರಮದ ತಿರುಳು ಸರಳವಾದುದು. ಪರೀಕ್ಷಿಸಬೇಕಾದ ತಳಿಗಳ ಸಾಲುಗಳ ನಡುನಡುವೆ, ಖಂಡಿತವಾಗಿ ರೋಗಕ್ಕೆ ಬಲಿಯಾಗುವ ತಳಿಯೊಂದರ ಸಾಲನ್ನು ಬಿತ್ತಲಾಗುತ್ತದೆ. ಪಟಾನ್‌ಚೆರುವಿನಲ್ಲಿ ಐಸಿಪಿ 2376 ಎಂಬ ತಳಿಯನ್ನು ಇದಕ್ಕೆ ಬಳಸಲಾಯಿತು. ಈ ಬಲಿಸಾಲಿನ ಗಿಡಗಳು ಬಹುಪಾಲು ಸತ್ತಿದ್ದರೆ ಮಾತ್ರ ಆ ಭಾಗದ ಮಣ್ಣಿನಲ್ಲಿ ರೋಗ ಸಾಕಷ್ಟಿತ್ತು ಎಂದು ಅರ್ಥ. ಅದರ ಪಕ್ಕದಲ್ಲಿ ಬದುಕಿ ನಿಂತ ಸಾಲಿಗೆ ಆಗ ಬೆಲೆ ಬರುತ್ತದೆ. ಬಲಿಸಾಲೇ ಬದುಕಿದರೆ ಪರೀಕ್ಷೆ ನಡೆಯಲಿಲ್ಲವೆಂದು ತಿಳಿಯಬೇಕು. ಸಾಲಿನ ಒಟ್ಟು ಗಿಡಗಳಲ್ಲಿ ಸೊರಗಿದವು ಶೇ. 10ನ್ನು ಮೀರದಿದ್ದರೆ ಆ ತಳಿಯನ್ನು ನಿರೋಧಕವೆಂದು ಗಣಿಸುತ್ತಾರೆ.

ಇಡೀ ಹಂಗಾಮು ಕಾಯಲಾಗದ ಸಂದರ್ಭಕ್ಕೆ ಕುಂಡದ ವಿಧಾನವೂ ಇದೆ. ಮರಳಿನಲ್ಲಿ ಬೆಳೆಸಿದ ಸಸಿಗಳನ್ನು ಕಿತ್ತು, ಬೇರುಗಳನ್ನು ಶಿಲೀಂಧ್ರದ ಬೀಜಕಣಗಳನ್ನು ಬೆರೆಸಿದ ನೀರಿನಲ್ಲಿ ಅದ್ದಿ, ಕುಂಡಗಳಲ್ಲಿ ನೆಟ್ಟು ಕೆಲವು ವಾರಗಳಲ್ಲಿ ಫಲಿತಾಂಶ ನೋಡುತ್ತಾರೆ. ಕುಂಡದಲ್ಲಿ ಗೆದ್ದುದನ್ನು ರೋಗದ ಮಡಿಗೆ, ಅಲ್ಲಿ ಗೆದ್ದುದನ್ನು ಬೇರೆಬೇರೆ ರಾಜ್ಯಗಳ ಕೇಂದ್ರಗಳಿಗೆ ಕಳುಹಿಸುವುದು ಪದ್ಧತಿ.

ಮಾರುತಿಯ ಮೂಲ

ಈ ರೀತಿ ಸಾವಿರಾರು ಮಾದರಿಗಳನ್ನು ರೋಗದ ಮಣ್ಣಿನಲ್ಲಿ ಬಿತ್ತಿ ನೋಡಲಾಯಿತು. ಬಹುಪಾಲು ಒಣಗಿದವು. ಸ್ಥಳೀಯವೆಂಬ ಕಾರಣಕ್ಕೆ ಪ್ರತಿಯೊಂದು ಜವಾರಿ ತಳಿಯೂ ರೋಗವನ್ನು ತಡೆದೀತು ಎಂಬ ನಂಬಿಕೆಗೆ ಈ ಮಡಿಗಳಲ್ಲಿ ಆಧಾರ ಸಿಗಲಿಲ್ಲ. ಆದರೆ ಬದುಕಿದ ಕೆಲವು ಎಲ್ಲಿಂದ ಬಂದವು ಎಂಬುದು ಅಷ್ಟೇ ಮುಖ್ಯವಾದ ಸಂಗತಿ. ಮಹಾರಾಷ್ಟ್ರದ ಜವಾರಿ ತಳಿಯೊಂದರಿಂದ ಆಯ್ದು ಶುದ್ಧಗೊಳಿಸಿದ ಐಸಿಪಿ 8863 ಎಂಬುದು ಸೊರಗು ರೋಗದ ಮಣ್ಣಿನಲ್ಲಿ ಗಟ್ಟಿಯಾಗಿ ನಿಂತಿತು. ಅದನ್ನು 1986ರಲ್ಲಿ ಕರ್ನಾಟಕದಲ್ಲಿ ಮಾರುತಿ ಎಂಬ ಹೆಸರಿನಿಂದ ಬಿಡುಗಡೆ ಮಾಡಲಾಯಿತು. ರೋಗದಿಂದ ಬೇಸತ್ತಿದ್ದ ಕಲಬುರಗಿಯ ಸೀಮೆಯಲ್ಲಿ ಅದು ಶೀಘ್ರವಾಗಿ ಹಬ್ಬಿತು. ಆಫ್ರಿಕದಲ್ಲಿಯೂ ಇದೇ ಬಗೆಯ ಕಥೆ ನಡೆಯಿತು. ಕೀನ್ಯದ ಜವಾರಿ ತಳಿಯಾದ ಐಸಿಪಿ 9145, ಸೊರಗು ರೋಗಕ್ಕೆ ನಿರೋಧಕವೆಂದು ಗೊತ್ತಾಗಿ 1987ರಲ್ಲಿ ಮಲಾವಿ ದೇಶದಲ್ಲಿ ಬಿಡುಗಡೆಯಾಯಿತು.

ಇಲ್ಲಿ ವಿಜ್ಞಾನಿಯು ನಿರೋಧಕ ಶಕ್ತಿಯನ್ನು ಸೃಷ್ಟಿಸಲಿಲ್ಲ, ಹುಡುಕಿ ತೆಗೆದನು. ಅದು ಹೆಸರಿಲ್ಲದ ರೈತಕುಟುಂಬಗಳ ಮಡಕೆ, ಗುಡಾಣಗಳಲ್ಲಿ ತಲೆಮಾರುಗಳಿಂದ ಉಳಿದುಬಂದಿತ್ತು. ಅದೇ ವೇಳೆ, ರೋಗದ ಮಡಿಯೊಂದು ಇಲ್ಲದಿದ್ದರೆ ಆ ಬೀಜದ ಗುಣ ಯಾರಿಗೂ ತಿಳಿಯದೆ ಹೋಗುತ್ತಿತ್ತು. ಹಳ್ಳಿಯ ಬೀಜ ಮತ್ತು ಸಂಶೋಧನಾ ಕೇಂದ್ರದ ಪರೀಕ್ಷೆ ಇವೆರಡರಲ್ಲಿ ಒಂದನ್ನು ಹೊಗಳಿ ಮತ್ತೊಂದನ್ನು ಹಳಿಯುವವರು ಈ ಸಂಗತಿಯನ್ನು ಗಮನಿಸಬೇಕು. ಇಕ್ರಿಸ್ಯಾಟ್‌ನ ಬೀಜಭಂಡಾರದಲ್ಲಿ ಇಂದು 13,000ಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ. ಅವುಗಳಲ್ಲಿ ಬಹುಭಾಗವು ಹಳ್ಳಿಗಳಿಂದ ಸಂಗ್ರಹಿಸಿದುದೇ ಆಗಿದೆ. ಸಂಗ್ರಹಕಾರರು ಬರುವ ಮೊದಲೇ ಯಾವ ಹಳ್ಳಿಯ ಬೀಜ ಅಳಿದುಹೋಗಿತ್ತೋ ಅದಕ್ಕೆ ಯಾವ ಪರೀಕ್ಷೆಯೂ ದೊರೆಯಲಿಲ್ಲ.

ಒಂದು ತಳಿಯ ಮಿತಿ

ಮಾರುತಿಯ ಕಥೆ ಗೆಲುವಿನಲ್ಲಿಯೇ ಮುಗಿಯುವುದಿಲ್ಲ. ತೊಗರಿಗೆ ಗೊಡ್ಡು ರೋಗವೆಂಬ ಇನ್ನೊಂದು ಪಿಡುಗಿದೆ. ಅದು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನುಸಿಯಿಂದ ಹರಡುವ ನಂಜುರೋಗ. ಗಿಡ ಹಸಿರಾಗಿ ಪೊದೆಯಂತೆ ಬೆಳೆದರೂ ಹೂ ಬಿಡುವುದಿಲ್ಲ. ಈ ರೋಗಕ್ಕೆ ಮಾರುತಿ ಸುಲಭವಾಗಿ ತುತ್ತಾಗುತ್ತದೆ. ಎಷ್ಟು ಸುಲಭವಾಗಿ ಎಂದರೆ, ಗೊಡ್ಡು ರೋಗದ ಪರೀಕ್ಷಾ ತಾಕುಗಳಲ್ಲಿ ಐಸಿಪಿ 8863ನ್ನೇ ಬಲಿಸಾಲಾಗಿ ಬಿತ್ತುತ್ತಾರೆ. ಸೊರಗು ರೋಗದ ಮಡಿಯಲ್ಲಿ ಗೆದ್ದು ನಿಂತ ತಳಿ, ಪಕ್ಕದ ಮಡಿಯಲ್ಲಿ ಸೋಲಿನ ಅಳತೆಗೋಲಾಗಿದೆ. ರೋಗನಿರೋಧಕ ತಳಿ ಎಂಬ ಮಾತು ಕೇಳಿಬಂದಾಗ ಯಾವ ರೋಗಕ್ಕೆ, ಯಾವ ಊರಿನ ಮಣ್ಣಿನಲ್ಲಿ ಎಂದು ಮರುಪ್ರಶ್ನೆ ಕೇಳುವುದು ಈ ಕಾರಣದಿಂದ ಅಗತ್ಯ. 1993ರಲ್ಲಿ ಬಿಡುಗಡೆಯಾದ ಆಶಾ ಎಂಬ ತಳಿಯಲ್ಲಿ ಸೊರಗು, ಗೊಡ್ಡು ಎರಡಕ್ಕೂ ನಿರೋಧಕ ಶಕ್ತಿಯನ್ನು ಕೂಡಿಸಲಾಯಿತು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್, ಜಿಆರ್‌ಜಿ-811 ಮೊದಲಾದ ತಳಿಗಳು ಬಂದವು.

ಊರಿನ ಮಾತೂ ಹಾಗೆಯೇ. ಫ್ಯುಸೇರಿಯಂ ಉಡಮ್ ಎಲ್ಲ ಕಡೆ ಒಂದೇ ಸ್ವಭಾವದ್ದಲ್ಲ. ಒಂದು ಸೀಮೆಯಲ್ಲಿ ನಿರೋಧಕವೆನಿಸಿದ ತಳಿ ಮತ್ತೊಂದು ಸೀಮೆಯ ಶಿಲೀಂಧ್ರಕ್ಕೆ ಸೋತ ಉದಾಹರಣೆಗಳಿವೆ. ಕಡಲೆಯ ಸೊರಗು ರೋಗದಲ್ಲಿ ಈ ಭೇದಗಳನ್ನು ಹವಾರೆ ಮತ್ತು ನೆನೆ ಅವರು 1982ರಲ್ಲಿಯೇ ವಿವರಿಸಿದ್ದರು. ಅಲ್ಲದೆ ಕಡಲೆಯಲ್ಲಿ ಮತ್ತೊಂದು ಎಚ್ಚರಿಕೆಯೂ ದೊರೆತಿದೆ. ಸೊರಗನ್ನು ತಡೆಯುವ ತಳಿಗಳು ಬಂದ ಮೇಲೆ ಒಣಬೇರು ಕೊಳೆಯೆಂಬ ಬೇರೊಂದು ಶಿಲೀಂಧ್ರರೋಗ ಮುಂದೆ ಬಂದಿತು. ಉಷ್ಣತೆ 30 ಡಿಗ್ರಿಯನ್ನು ಮೀರಿ, ಮಣ್ಣಿನ ತೇವ ಆರಿದಾಗ ಅದು ಬಲಗೊಳ್ಳುತ್ತದೆ. ಹವೆ ಬದಲಾದಂತೆ ಮಣ್ಣಿನೊಳಗಿನ ಶತ್ರುವೂ ಬದಲಾಗುತ್ತಾನೆ. ಹಿಂದೊಮ್ಮೆ ತೇರ್ಗಡೆಯಾದ ತಳಿಯನ್ನು ಮರಳಿ ಮರಳಿ ಪರೀಕ್ಷಿಸಬೇಕಾಗುತ್ತದೆ.

ಇದು ಕೇವಲ ಪುಸ್ತಕದ ಮಾತಲ್ಲ. 2022-23ರ ಹಂಗಾಮಿನಲ್ಲಿ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ, ಅಲ್ಲಿಯ ಜನ ನೆಟೆ ರೋಗವೆಂದು ಕರೆಯುವ ಪಿಡುಗಿನಿಂದ ತೊಗರಿ ವ್ಯಾಪಕವಾಗಿ ಒಣಗಿತು. ರೈತರು ಬೀದಿಗಿಳಿದರು, ಸರ್ಕಾರ ಪರಿಹಾರ ಘೋಷಿಸಿತು. ಮಾರುತಿ ಬಂದು 36 ವರ್ಷಗಳಾದ ಮೇಲೆ, ತೊಗರಿಯ ಕಣಜವೆಂದು ಹೆಸರಾದ ನೆಲದಲ್ಲಿಯೇ, 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬೆಳೆಗೆ ಈ ಗತಿ ಬಂದಿತು. ಬಿಡುಗಡೆಯಾದ ತಳಿಗಳ ಪಟ್ಟಿಯೊಂದೇ ಹೊಲವನ್ನು ಕಾಯಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೊಲದ ಕ್ರಮದ ಪಾತ್ರ

ಇಕ್ರಿಸ್ಯಾಟ್‌ನ ಪ್ರಯೋಗಗಳಲ್ಲಿ ಕಂಡ ಇನ್ನೊಂದು ಸಂಗತಿ ಬೆಟ್ಟದ ಜನಕ್ಕೆ ವಿಶೇಷವಾಗಿ ಪ್ರಸ್ತುತವಾದುದು. ತೊಗರಿಯನ್ನು ಜೋಳದೊಡನೆ ಮಿಶ್ರಬೆಳೆಯಾಗಿ ಬೆಳೆದಾಗ ಸೊರಗು ರೋಗದ ಪ್ರಮಾಣ ಇಳಿಯಿತು. ಒಂದು ವರ್ಷ ಜೋಳ ಬೆಳೆದು ಅಥವಾ ಹೊಲವನ್ನು ಬೀಳುಬಿಟ್ಟು ಮರುವರ್ಷ ತೊಗರಿ ಹಾಕಿದಾಗಲೂ ಇಳಿಯಿತು. ವರ್ಷವರ್ಷವೂ ತೊಗರಿಯ ಮೇಲೆ ತೊಗರಿಯನ್ನೇ ಬಿತ್ತಿದಲ್ಲಿ ರೋಗ ಏರುತ್ತ ಹೋಯಿತು. ಎರಡನೆಯ ಕ್ರಮವು ರೋಗದ ಮಡಿಯನ್ನು ಸಿದ್ಧಪಡಿಸುವ ಕ್ರಮವೇ ಆಗಿದೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವಿಜ್ಞಾನಿಯು ಒಂದು ತಾಕಿನಲ್ಲಿ ಬೇಕೆಂದೇ ಮಾಡುವುದನ್ನು, ಬೆಲೆಯ ಆಸೆಗೆ ಅಥವಾ ಬೇರೆ ದಾರಿ ಕಾಣದೆ, ಇಡೀ ಸೀಮೆ ಅರಿವಿಲ್ಲದೆ ಮಾಡುತ್ತದೆ.

ಅಕ್ಕಡಿ ಸಾಲಿನ ಪದ್ಧತಿಯು ಎಲ್ಲ ರೋಗಗಳಿಗೂ ಮದ್ದೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಒಂದೇ ಬೆಳೆಯ ಬೇರುಗಳು ನೆಲದಲ್ಲಿ ಒತ್ತಾಗಿ ಹೆಣೆದುಕೊಳ್ಳದಂತೆ ಅದು ತಡೆಯುತ್ತದೆ, ಒಂದು ಬೆಳೆ ಸೋತರೂ ಮನೆಗೆ ಮತ್ತೊಂದು ಕಾಳು ಬರುವಂತೆ ನೋಡಿಕೊಳ್ಳುತ್ತದೆ. ನಿರೋಧಕ ತಳಿ, ಬೆಳೆಯ ಪರಿವರ್ತನೆ, ಮಿಶ್ರಬೆಳೆ, ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ ಬೀಜೋಪಚಾರ, ಸತ್ತ ಗಿಡಗಳನ್ನು ಬುಡಸಮೇತ ಕಿತ್ತು ಸುಡುವುದು, ಇವೆಲ್ಲ ಒಂದಕ್ಕೊಂದು ಆಸರೆಯಾಗಬೇಕಾದವು.

ಹಳ್ಳಿಯಲ್ಲಿ ಆಗಬಹುದಾದ ಪರೀಕ್ಷೆ

ತಳಿಗಳನ್ನು ಪರೀಕ್ಷಿಸುವುದು ದೊಡ್ಡ ಸಂಸ್ಥೆಗಳಿಗೇ ಮೀಸಲಾದ ವಿದ್ಯೆಯಲ್ಲ. ಅದರ ತತ್ತ್ವವನ್ನು ಶಾಲೆಯ ಮಕ್ಕಳೂ ಹಿರಿಯರೊಡನೆ ಕೂಡಿ ಪಾಲಿಸಬಹುದು. ಆದರೆ ಮೊದಲನೆಯ ನಿಯಮವನ್ನು ಮೀರಕೂಡದು: ರೋಗದ ಮಣ್ಣನ್ನಾಗಲಿ ಸತ್ತ ಗಿಡಗಳನ್ನಾಗಲಿ ಒಳ್ಳೆಯ ಹೊಲಕ್ಕೆ ಒಯ್ಯಬಾರದು. ಹಿಂದಿನ ವರ್ಷ ತೊಗರಿ ಸೊರಗಿದ ಹೊಲದ ಮೂಲೆಯನ್ನೇ ಪರೀಕ್ಷೆಗೆ ಆರಿಸಬೇಕು. ಅಲ್ಲಿ ಬಳಸಿದ ಗುದ್ದಲಿ, ಕುಂಟೆಗಳನ್ನು ತೊಳೆದು ಹೊರತರಬೇಕು.

ಊರಿನಲ್ಲಿ ಸಿಗುವ ಬೀಜಗಳನ್ನು ಮನೆಯ ಹೆಸರು, ಬೀಜದ ಬಣ್ಣ, ಎಷ್ಟು ವರ್ಷಗಳಿಂದ ಇಟ್ಟುಕೊಂಡು ಬಂದಿದ್ದಾರೆ ಎಂಬ ವಿವರದೊಡನೆ ಬೇರೆಬೇರೆಯಾಗಿ ಕೂಡಿಸಬೇಕು. ಪ್ರತಿ ಎರಡು ಸಾಲುಗಳಿಗೊಮ್ಮೆ, ಸುಲಭವಾಗಿ ಸಾಯುವುದೆಂದು ಊರಿಗೆ ಗೊತ್ತಿರುವ ತಳಿಯ ಒಂದು ಬಲಿಸಾಲನ್ನು ಬಿತ್ತಬೇಕು. ಬಿತ್ತಿದ ತಿಂಗಳಿಗೆ ಪ್ರತಿ ಸಾಲಿನ ಗಿಡಗಳನ್ನು ಎಣಿಸಿ ಬರೆದಿಡಬೇಕು. ಹೂವಿನ ಕಾಲ, ಕಾಯಿಯ ಕಾಲ, ಕೊಯ್ಲಿನ ಮುಂಚೆ ಹೀಗೆ ಮೂರು ಸಲ ಸತ್ತ ಗಿಡಗಳನ್ನು ಎಣಿಸಬೇಕು. ಸತ್ತ ಗಿಡದ ಕಾಂಡವನ್ನು ಸೀಳಿ ಕಂದುಗೆರೆಯಿದೆಯೇ ಎಂದು ನೋಡದೆ ಅದನ್ನು ಸೊರಗಿನ ಲೆಕ್ಕಕ್ಕೆ ಹಿಡಿಯಬಾರದು. ಗೆದ್ದಲು, ನೀರುನಿಲುವು, ಬರಗಳಿಂದಲೂ ಗಿಡ ಸಾಯುವುದುಂಟು. ಉದಾಹರಣೆಗೆ, ಒಂದು ಸಾಲಿನ 50 ಗಿಡಗಳಲ್ಲಿ 4 ಸೊರಗಿದರೆ ಅದು ಶೇ. 8, ಪಕ್ಕದ ಬಲಿಸಾಲಿನ 50ರಲ್ಲಿ 42 ಸತ್ತಿದ್ದರೆ ಶೇ. 84. ಆಗ ಮೊದಲನೆಯದನ್ನು ಗಮನಕ್ಕೆ ತೆಗೆದುಕೊಳ್ಳಬಹುದು. ಬಲಿಸಾಲಿನಲ್ಲಿಯೂ 5 ಗಿಡಗಳು ಮಾತ್ರ ಸತ್ತಿದ್ದರೆ ಆ ವರ್ಷದ ಲೆಕ್ಕದಿಂದ ಏನನ್ನೂ ತೀರ್ಮಾನಿಸಲಾಗದು. ಕನಿಷ್ಠ ಎರಡು ಹಂಗಾಮುಗಳ ಲೆಕ್ಕವಿಲ್ಲದೆ ಯಾವ ತಳಿಗೂ ನಿರೋಧಕವೆಂಬ ಹೆಸರು ಕೊಡಬಾರದು.

ಬೀಜ ಉಳಿಸುವಾಗ ಇನ್ನೊಂದು ಎಚ್ಚರ ಬೇಕು. ಭತ್ತ, ಕಡಲೆಗಳ ಹಾಗೆ ತೊಗರಿಯು ಬಹುಮಟ್ಟಿಗೆ ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವ ಗಿಡವಲ್ಲ. ಜೇನು ಮತ್ತಿತರ ದುಂಬಿಗಳು ಪಕ್ಕದ ಹೊಲದ ಪರಾಗವನ್ನು ಹೊತ್ತು ತರುತ್ತವೆ. ನಿರೋಧಕ ತಳಿಯೊಂದು ಕೆಲವು ವರ್ಷಗಳಲ್ಲಿ ಕೆಟ್ಟುಹೋಯಿತು ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಈ ಮಿಶ್ರಣವೇ. ಆದ್ದರಿಂದ ಪರೀಕ್ಷಾ ಸಾಲಿನ ತೆರೆದ ಕಾಯಿಗಳನ್ನು ಬಿತ್ತನೆಗೆ ಬಳಸಬಾರದು. ಹೂ ಅರಳುವ ಮೊದಲೇ ಕೆಲವು ಕೊಂಬೆಗಳಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಒಳಗೆ ಕಟ್ಟಿದ ಕಾಯಿಗಳನ್ನು ಮಾತ್ರ ಬೀಜಕ್ಕೆ ಇಡಬೇಕು. ಇಲ್ಲವೇ ಮೊದಲು ಬಿತ್ತಿದ ಮೂಲಬೀಜದಲ್ಲಿ ಒಂದು ಪಾಲನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಕಾದಿರಿಸಬೇಕು.

ಇಂತಹ ಲೆಕ್ಕದ ಪುಸ್ತಕವೊಂದು ಊರಿನಲ್ಲಿದ್ದರೆ ಎರಡು ಪ್ರಯೋಜನಗಳಿವೆ. ಹೊರಗಿನಿಂದ ಹೊಸ ತಳಿ ಬಂದಾಗ ಅದನ್ನು ಕುರುಡಾಗಿ ಒಪ್ಪುವ ಅಥವಾ ಕುರುಡಾಗಿ ತಿರಸ್ಕರಿಸುವ ಅಗತ್ಯವಿರುವುದಿಲ್ಲ. ಊರಿನ ಬೀಜದ ಪಕ್ಕದಲ್ಲಿ ಒಂದು ಸಾಲು ಬಿತ್ತಿ ನೋಡಿದರಾಯಿತು. ಊರಿನ ಬೀಜವೊಂದು ನಿಜವಾಗಿ ರೋಗವನ್ನು ತಡೆಯುತ್ತಿದ್ದರೆ ಅದನ್ನು ಹತ್ತಿರದ ಕೃಷಿ ಸಂಶೋಧನಾ ಕೇಂದ್ರದ ಗಮನಕ್ಕೆ ತರಲು ಆಧಾರವೂ ದೊರೆಯುತ್ತದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ರೈತರ ತಳಿಗಳನ್ನು ನೋಂದಾಯಿಸಲು ಅವಕಾಶ ಕೊಟ್ಟಿದೆ. ಹೆಸರು, ಗುಣ, ಲೆಕ್ಕಗಳಿಲ್ಲದ ಬೀಜಕ್ಕೆ ಆ ಹಕ್ಕನ್ನು ಕೇಳುವುದು ಕಷ್ಟ.

ಹಳ್ಳಿಯ ಅಜ್ಜಿಯೊಬ್ಬಳು ಗಡಿಗೆಯಲ್ಲಿ ಇಟ್ಟ ಒಂದು ಸೇರು ತೊಗರಿ ಯಾವ ರೋಗವನ್ನು ತಡೆದೀತೆಂದು ಅವಳಿಗೂ ಗೊತ್ತಿರಲಾರದು, ವಿಜ್ಞಾನಿಗೂ ಗೊತ್ತಿರಲಾರದು. ರೋಗದ ಮಣ್ಣಿನಲ್ಲಿ ಬಿತ್ತಿ ಎಣಿಸಿದಾಗ ಮಾತ್ರ ಅದು ತಿಳಿಯುತ್ತದೆ. ಬರುವ ಮುಂಗಾರಿನೊಳಗೆ ಪ್ರತಿ ಊರಿನಲ್ಲಿಯೂ ಇರುವ ತೊಗರಿ, ಅವರೆ, ಹುರುಳಿಗಳ ಬೀಜಗಳ ಪಟ್ಟಿಯೊಂದನ್ನು ವಿದ್ಯಾರ್ಥಿಗಳು ಸಿದ್ಧಪಡಿಸಲಿ. ಸೊರಗು ಕಂಡ ಹೊಲಗಳನ್ನು ಹಿರಿಯರು ಅವರಿಗೆ ತೋರಿಸಲಿ. ಪಟ್ಟಿ ಮತ್ತು ಹೊಲ ಎರಡೂ ಕೂಡಿದಲ್ಲಿ ಪರೀಕ್ಷೆ ಆರಂಭವಾಗುತ್ತದೆ. ಆ ಆರಂಭಕ್ಕೆ ಬೇಕಾಗುವುದು ಒಂದಷ್ಟು ಬೀಜ, ಒಂದು ನೋಟುಪುಸ್ತಕ ಮತ್ತು ಎರಡು ಹಂಗಾಮುಗಳ ತಾಳ್ಮೆ.